ಗಾಳಿಯ ಫಿಲ್ಟರಿನಲ್ಲಿ ವಿಕಿರಣಶೀಲ ಧೂಳಿನ ಕುರುಹನ್ನು ಹುಡುಕುವ ಕ್ರಮ

ಒಂದು ಹಗಲು ಒಂದು ರಾತ್ರಿ ಹೊರಗಿನ ಗಾಳಿಯನ್ನು ಹೀರಿದ ಫಿಲ್ಟರ್ ಹಾಳೆಯನ್ನು ಯಂತ್ರದಿಂದ ಬಿಡಿಸಿದ ಕೂಡಲೇ, ವಿಕಿರಣವನ್ನು ಎಣಿಸುವ ಗೈಗರ್ ಕೌಂಟರಿನ ಕೆಳಗಿಟ್ಟರೆ, ಅದು ಯಾವ ಊರಿನ ಗಾಳಿಯೇ ಆಗಿರಲಿ, ಎಣಿಕೆ ಹಿನ್ನೆಲೆಯ ಮಟ್ಟಕ್ಕಿಂತ ಎದ್ದು ಕಾಣುವಷ್ಟು ಮೇಲೇರುತ್ತದೆ. ಸುತ್ತ ನೂರಾರು ಕಿಲೋಮೀಟರಿನಲ್ಲಿ ಅಣುಸ್ಥಾವರವೇ ಇಲ್ಲದಿದ್ದರೂ ಏರುತ್ತದೆ. ಮಣ್ಣು ಮತ್ತು ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂಗಳಿಂದ ಹುಟ್ಟಿ ನೆಲದೊಳಗಿನಿಂದ ಸದಾ ಮೇಲಕ್ಕೆ ಬರುವ ರೇಡಾನ್ ಅನಿಲದ ಸಂತತಿಯ, ಅಂದರೆ ಅದು ಕ್ಷಯಿಸಿದಾಗ ಹುಟ್ಟುವ, ಪರಮಾಣುಗಳು ಧೂಳಿನ ಕಣಗಳಿಗೆ ಅಂಟಿಕೊಂಡು ಆ ಹಾಳೆಯ ಮೇಲೆ ಕುಳಿತಿರುವುದೇ ಇದಕ್ಕೆ ಕಾರಣ. ಮನುಷ್ಯನಿಂದ ಗಾಳಿಗೆ ಸೇರಿದ ಸೀಸಿಯಂ, ಅಯೋಡಿನ್, ರುಥೇನಿಯಂಗಳ ಕುರುಹನ್ನು ಹುಡುಕಬೇಕೆನ್ನುವವರು ಮೊದಲು ಈ ನೈಸರ್ಗಿಕ ವಿಕಿರಣವನ್ನು ಗುರುತಿಸಿ ಬದಿಗಿಡಲು ಕಲಿಯಬೇಕು. ಆಮೇಲೆ, ಹುಡುಕಿದ್ದು ಸಿಗದಿದ್ದರೆ, ಎಷ್ಟು ಇದ್ದಿದ್ದರೆ ತಮಗೆ ಸಿಗುತ್ತಿತ್ತು ಎಂಬುದನ್ನು ಸಂಖ್ಯೆಯಲ್ಲಿ ಹೇಳಲು ಕಲಿಯಬೇಕು. ಈ ಎರಡು ಕೆಲಸಗಳನ್ನು ಸರಿಯಾಗಿ ಮಾಡಬಲ್ಲ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯವೊಂದು ನಂಬಿಕೆಗೆ ಯೋಗ್ಯವಾದ ಮಾಪನವನ್ನು ಖಂಡಿತವಾಗಿ ನಡೆಸಬಹುದು.

ನಡೆಸಬಹುದು ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಸಿಯಾಟಲ್ ನಗರದ್ದು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿಯಿಂದ ಫುಕುಶಿಮಾ ದಾಯಿಚಿ ಸ್ಥಾವರಕ್ಕೆ ಹಾನಿಯಾದಾಗ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ತಮ್ಮ ಕಟ್ಟಡಕ್ಕೆ ಹೊರಗಾಳಿಯನ್ನು ಒಳತರುವ ವ್ಯವಸ್ಥೆಯ ಫಿಲ್ಟರುಗಳನ್ನೇ ತೆಗೆದು ಗಾಮಾ ಕಿರಣಗಳ ಶಕ್ತಿಯನ್ನು ಅಳೆಯುವ ಜರ್ಮೇನಿಯಂ ಡಿಟೆಕ್ಟರಿನ ಮುಂದಿಟ್ಟರು. ಮಾರ್ಚ್ 17–18ರ ಮಾದರಿಯಲ್ಲಿ ಅಯೋಡಿನ್-131, ಅಯೋಡಿನ್-132, ಟೆಲ್ಯುರಿಯಂ-132, ಸೀಸಿಯಂ-134 ಮತ್ತು ಸೀಸಿಯಂ-137 ಮೊದಲ ಬಾರಿಗೆ ಕಾಣಿಸಿದವು. ಕಣಗಳಿಗೆ ಅಂಟಿದ ವಿಕಿರಣಶೀಲತೆಯಲ್ಲಿ ಅವರು ಕಂಡ ಅತಿ ಹೆಚ್ಚಿನ ಮೌಲ್ಯ ಮಾರ್ಚ್ 19–20ರ ಅಯೋಡಿನ್-131ರದು: ಘನಮೀಟರಿಗೆ 4.4 ಮಿಲಿಬೆಕೆರೆಲ್, ಅದರ ಅನಿಶ್ಚಿತತೆ 1.3 ಮಿಲಿಬೆಕೆರೆಲ್. (ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣುವಿನ ಕ್ಷಯ, ಮಿಲಿಬೆಕೆರೆಲ್ ಅದರ ಸಾವಿರದಲ್ಲೊಂದು ಪಾಲು.) ಪೆಸಿಫಿಕ್ ಮಹಾಸಾಗರದ ಆಚೆಯಿಂದ ಬಂದ ಇಷ್ಟು ಅಲ್ಪ ಪ್ರಮಾಣವನ್ನು ಹಿಡಿಯಲು ಅವರಿಗೆ ನೆರವಾದದ್ದು ಭಾರಿ ಪ್ರಮಾಣದ ಗಾಳಿ, ಉತ್ತಮ ಡಿಟೆಕ್ಟರ್ ಮತ್ತು ಶಿಸ್ತು. ಮೊದಲಿನ ಎರಡನ್ನು ಹಣ ಕೊಟ್ಟು ತರಬಹುದು. ಮೂರನೆಯದರ ಕುರಿತೇ ಈ ಬರಹ ಹೆಚ್ಚಾಗಿ ಮಾತನಾಡುತ್ತದೆ.

ಫಿಲ್ಟರಿಗೆ ಸಿಗುವುದು ಮತ್ತು ಸಿಗದಿರುವುದು

ಧೂಳಿನ ಕಣಕ್ಕೆ ಅಂಟಿಕೊಂಡದ್ದು ಮಾತ್ರ ಹಾಳೆಯ ಮೇಲೆ ನಿಲ್ಲುತ್ತದೆ. ಸೀಸಿಯಂ, ರುಥೇನಿಯಂ, ಬೇರಿಯಂ, ಕೋಬಾಲ್ಟ್‌ನಂಥವು ನಿಲ್ಲುತ್ತವೆ. ಕ್ಸೆನಾನ್-133, ಕ್ರಿಪ್ಟಾನ್-85ರಂಥ ಜಡಾನಿಲಗಳು ಹಾಳೆಯನ್ನು ದಾಟಿ ಹೋಗುತ್ತವೆ. ಅಯೋಡಿನ್ ಎರಡೂ ರೂಪದಲ್ಲಿರುತ್ತದೆ. ಅದರ ಅನಿಲರೂಪದ ಭಾಗವನ್ನು ಹಿಡಿಯಬೇಕಾದರೆ ಹಾಳೆಯ ಹಿಂದೆ ಟ್ರೈಎಥಿಲೀನ್ ಡೈಅಮೀನ್ ಹೀರಿಸಿದ ಸಕ್ರಿಯ ಇದ್ದಿಲಿನ ಡಬ್ಬಿಯೊಂದನ್ನು ಜೋಡಿಸಬೇಕಾಗುತ್ತದೆ. ಇದ್ದಿಲು ಇಲ್ಲದೆ ಅಳೆದವರು ತಮ್ಮ ಫಲಿತಾಂಶವನ್ನು 'ಕಣರೂಪದ ಅಯೋಡಿನ್' ಎಂದೇ ಬರೆಯಬೇಕು, ಏಕೆಂದರೆ ಗಾಳಿಯಲ್ಲಿರುವ ಒಟ್ಟು ಅಯೋಡಿನ್ ಅದಕ್ಕಿಂತ ಹಲವು ಪಟ್ಟು ಹೆಚ್ಚಿರಬಹುದು.

ಕರ್ನಾಟಕದ ಓದುಗರು ಇಲ್ಲಿ ಕೈಗಾ ಸ್ಥಾವರವನ್ನು ನೆನೆಯುವುದು ಸಹಜ. ಅಲ್ಲಿರುವ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಭಾರಜಲವನ್ನು ಬಳಸುವಂಥವು. ಇಂಥ ಸ್ಥಾವರಗಳು ಸಾಮಾನ್ಯ ಕಾರ್ಯಾಚರಣೆಯಲ್ಲಿ ಗಾಳಿಗೆ ಬಿಡುವುದರಲ್ಲಿ ಮುಖ್ಯವಾದದ್ದು ವಿಕಿರಣಶೀಲ ಜಲಜನಕವಾದ ಟ್ರಿಟಿಯಂ, ಅದೂ ನೀರಾವಿಯ ರೂಪದಲ್ಲಿ. ಫಿಲ್ಟರ್ ಹಾಳೆಗೆ ಟ್ರಿಟಿಯಂ ಸಿಗುವುದಿಲ್ಲ. ಗಾಳಿಯ ತೇವವನ್ನು ತಂಪುಗೊಳಿಸಿ ಅಥವಾ ಸಿಲಿಕಾ ಜೆಲ್‌ನಲ್ಲಿ ಹೀರಿಸಿ ಸಂಗ್ರಹಿಸಿ, ದ್ರವ ಸಿಂಟಿಲೇಶನ್ ಕೌಂಟರಿನಲ್ಲಿ ಅದನ್ನು ಅಳೆಯಬೇಕು. ಆದ್ದರಿಂದ ಸ್ಥಾವರವೊಂದರ ನೆರೆಯ ಊರಿನಲ್ಲಿ ಫಿಲ್ಟರ್ ಮಾತ್ರ ಅಳೆದು 'ಏನೂ ಇಲ್ಲ' ಎಂದು ಹೇಳುವುದು ಸರಿಯಾಗದು. ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು ಅದಕ್ಕೆ ತಕ್ಕ ವಿಧಾನವನ್ನು ಆರಿಸಿಕೊಳ್ಳಬೇಕು.

ಮಾದರಿ ಸಂಗ್ರಹ

ಮಾಲಿನ್ಯ ನಿಯಂತ್ರಣಕ್ಕಾಗಿ ಧೂಳು ಅಳೆಯಲು ಬಳಸುವ ಹೈ ವಾಲ್ಯೂಮ್ ಸ್ಯಾಂಪ್ಲರ್ ಈ ಕೆಲಸಕ್ಕೆ ಸಾಕು. ಅದು ನಿಮಿಷಕ್ಕೆ ಸುಮಾರು ಒಂದು ಘನಮೀಟರಿನಷ್ಟು ಗಾಳಿಯನ್ನು 8 ಇಂಚು ಅಗಲ, 10 ಇಂಚು ಉದ್ದದ ಗಾಜಿನ ನಾರಿನ ಹಾಳೆಯ ಮೂಲಕ ಎಳೆಯುತ್ತದೆ. ಯಂತ್ರವನ್ನು ಮರದ ನೆರಳು, ರಸ್ತೆಯ ಧೂಳು, ಒಲೆಯ ಹೊಗೆ ಇವುಗಳಿಂದ ದೂರವಾಗಿ, ಎಲ್ಲ ದಿಕ್ಕಿನಿಂದಲೂ ಗಾಳಿ ಬರುವ ಜಾಗದಲ್ಲಿ ಇಡಬೇಕು. ಯಂತ್ರ ಹೊರಬಿಡುವ ಗಾಳಿಯೇ ಮತ್ತೆ ಒಳಗೆ ಬಾರದಂತೆ ನೋಡಿಕೊಳ್ಳಬೇಕು. ಹಾಳೆಯ ಮೇಲೆ ಧೂಳು ಕೂಡಿದಂತೆ ಹರಿವು ಕಡಿಮೆಯಾಗುತ್ತದೆ, ಹಾಗಾಗಿ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಸಾಧ್ಯವಾದರೆ ನಡುವೆಯೂ ಹರಿವನ್ನು ಬರೆದುಕೊಳ್ಳಬೇಕು. ಆರಂಭದಲ್ಲಿ ನಿಮಿಷಕ್ಕೆ 1.1, ಕೊನೆಯಲ್ಲಿ 0.9 ಘನಮೀಟರ್ ಇದ್ದು ಇಳಿಕೆ ಒಂದೇ ಸಮನಾಗಿದ್ದರೆ ಸರಾಸರಿ 1.0 ಎಂದು ಹಿಡಿದು, 24 ಗಂಟೆಗೆ 1440 ಘನಮೀಟರ್ ಎಂದು ಲೆಕ್ಕ ಹಾಕಬಹುದು. ವಿದ್ಯುತ್ ಕಡಿತವಾದರೆ ಎಷ್ಟು ಹೊತ್ತು ಯಂತ್ರ ನಿಂತಿತ್ತು ಎಂಬುದನ್ನು ಗಂಟೆಮಾಪಕದಿಂದಲೇ ತಿಳಿಯಬೇಕು, ಅಂದಾಜು ನಡೆಯದು.

ಕಟ್ಟಡದ ವಾತಾಯನ ವ್ಯವಸ್ಥೆಯ ಫಿಲ್ಟರ್ ಬಳಸುವವರು ನಾಳದೊಳಗಿನ ಗಾಳಿಯ ವೇಗವನ್ನು ಅನಿಮೋಮೀಟರಿನಿಂದ ಅಳೆದು ಹರಿವನ್ನು ಕಂಡುಕೊಳ್ಳಬೇಕು. ಆ ಫಿಲ್ಟರ್ ಸಣ್ಣ ಕಣಗಳಲ್ಲಿ ಎಷ್ಟು ಪಾಲನ್ನು ಹಿಡಿಯುತ್ತದೆ ಎಂಬುದನ್ನೂ ತಯಾರಕರ ವಿವರದಿಂದ ತಿಳಿದುಕೊಳ್ಳಬೇಕು. ಕಾರಿನ ಎಂಜಿನ್ನಿನ ಫಿಲ್ಟರಿನಲ್ಲಿ ಈ ಎರಡೂ ತಿಳಿಯುವುದಿಲ್ಲ. ಅದರಿಂದ ಯಾವ ಐಸೋಟೋಪ್, ಅಂದರೆ ಧಾತುವಿನ ಯಾವ ತೂಕದ ರೂಪ, ಇದೆ ಎಂಬುದನ್ನು ಹೇಳಬಹುದೇ ಹೊರತು ಗಾಳಿಯಲ್ಲಿ ಎಷ್ಟಿತ್ತು ಎಂದು ಹೇಳಲಾಗದು.

ಹಾಳೆಯನ್ನು ಕೈಗವಸು ಧರಿಸಿ, ಚಿಮುಟದಿಂದ ತೆಗೆದು, ಧೂಳಿನ ಮುಖ ಒಳಗೆ ಬರುವಂತೆ ಮಡಚಿ, ಜಿಪ್ ಚೀಲದಲ್ಲಿಟ್ಟು ಮುಚ್ಚಬೇಕು. ಚೀಲದ ಮೇಲೆ ಮಾದರಿಯ ಸಂಖ್ಯೆ, ಸ್ಥಳ, ಆರಂಭ ಮತ್ತು ಮುಕ್ತಾಯದ ದಿನಾಂಕ ಹಾಗೂ ಗಡಿಯಾರದ ಸಮಯ, ಹರಿವು, ಮಳೆ ಬಂದಿದ್ದರೆ ಅದರ ವಿವರ ಇರಲೇಬೇಕು. ಸಮಯ ಬರೆಯದ ಮಾದರಿಯಿಂದ ಅರ್ಧಾಯುಷ್ಯದ, ಅಂದರೆ ವಿಕಿರಣಶೀಲತೆ ಅರ್ಧಕ್ಕಿಳಿಯಲು ಬೇಕಾದ ಕಾಲದ, ಯಾವ ಲೆಕ್ಕವೂ ಸಾಧ್ಯವಿಲ್ಲ, ಅರ್ಧಾಯುಷ್ಯದ ಲೆಕ್ಕವಿಲ್ಲದೆ ಈ ವಿಶ್ಲೇಷಣೆಯೇ ಇಲ್ಲ.

ಇದರ ಜೊತೆಗೆ ಅದೇ ಕಟ್ಟಿನಿಂದ ತೆಗೆದ, ಗಾಳಿ ಹೀರದ ಒಂದು ಹಾಳೆಯನ್ನು ಖಾಲಿ ಮಾದರಿಯಾಗಿ ಇಟ್ಟುಕೊಂಡು, ಅದನ್ನೂ ಸಂಗ್ರಹದ ಜಾಗಕ್ಕೆ ಒಯ್ದು, ಅದೇ ರೀತಿ ಮಡಚಿ, ಅಷ್ಟೇ ಹೊತ್ತು ಎಣಿಸಬೇಕು. ಗಾಜಿನ ನಾರಿನಲ್ಲಿ ಪೊಟ್ಯಾಸಿಯಂ-40 ಇರುತ್ತದೆ, ಯುರೇನಿಯಂ ಮತ್ತು ಥೋರಿಯಂಗಳ ಅಂಶವೂ ಸ್ವಲ್ಪ ಇರುತ್ತದೆ. ಖಾಲಿ ಹಾಳೆಯ ಎಣಿಕೆ ಇಲ್ಲದವರು ಹಾಳೆಯ ಪೊಟ್ಯಾಸಿಯಂ ಅನ್ನು ಗಾಳಿಯದೆಂದು ವರದಿ ಮಾಡುವ ಸಂಭವ ಬಹಳ.

ಮೊದಲ ದಿನಗಳು: ಕಾಯುವುದು ಮತ್ತು ಗೆರೆ ಎಳೆಯುವುದು

ಗಾಮಾ ಡಿಟೆಕ್ಟರ್ ಇಲ್ಲದವರೂ ಗೈಗರ್ ಕೌಂಟರ್ ಮತ್ತು ಗಡಿಯಾರದಿಂದ ಕಲಿಯಬಹುದಾದದ್ದು ಬಹಳಷ್ಟಿದೆ. ಚಪ್ಪಟೆ ಮುಖದ, ತೆಳು ಅಭ್ರಕದ ಕಿಟಕಿಯ ಕೌಂಟರನ್ನು ಹಾಳೆಯಿಂದ ಒಂದೇ ಅಂತರದಲ್ಲಿ ನಿಲ್ಲಿಸಿ, ಯಂತ್ರ ನಿಲ್ಲಿಸಿದ ಐದು ನಿಮಿಷದೊಳಗೆ ಎಣಿಕೆ ಆರಂಭಿಸಿ, ಮೊದಲ ಮೂರು ಗಂಟೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ, ಮರುದಿನದಿಂದ ದಿನಕ್ಕೆ ಎರಡು ಬಾರಿ ಬರೆದುಕೊಳ್ಳಬೇಕು. ಹಿನ್ನೆಲೆಯನ್ನು ಕಳೆದು ಉಳಿದ ಎಣಿಕೆಯನ್ನು ಲಾಗರಿತಮ್ ಗ್ರಾಫ್ ಹಾಳೆಯ ಮೇಲೆ ಸಮಯಕ್ಕೆ ಎದುರಾಗಿ ಗುರುತಿಸಿದರೆ ರೇಖೆಯ ಬಾಗುವಿಕೆಯೇ ಮಾತನಾಡುತ್ತದೆ.

ಮೊದಲ ಇಳಿತ ರೇಡಾನ್-222ರ ಸಂತತಿಯದು. ಸೀಸ-214ರ ಅರ್ಧಾಯುಷ್ಯ ಸುಮಾರು 27 ನಿಮಿಷ, ಅದರಿಂದ ಹುಟ್ಟುವ ಬಿಸ್ಮತ್-214ರದು ಸುಮಾರು 20 ನಿಮಿಷ; ಒಂದರ ಹಿಂದೆ ಇನ್ನೊಂದು ಕ್ಷಯಿಸುವುದರಿಂದ ಒಟ್ಟು ಎಣಿಕೆ ಸುಮಾರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಗೊಮ್ಮೆ ಅರ್ಧಕ್ಕಿಳಿಯುವಂತೆ ಕಾಣುತ್ತದೆ. ಆರು ಗಂಟೆಯ ಹೊತ್ತಿಗೆ ಇದು ಬಹುತೇಕ ಮುಗಿದಿರುತ್ತದೆ. ಆಗ ರೇಖೆ ಹಠಾತ್ತಾಗಿ ನಿಧಾನವಾಗುತ್ತದೆ. ಉಳಿದದ್ದು ಥೋರಿಯಂ ಸರಣಿಯ ಥೋರಾನ್ ಅನಿಲದಿಂದ ಬಂದ ಸೀಸ-212, ಅದರ ಅರ್ಧಾಯುಷ್ಯ 10.6 ಗಂಟೆ. ಥೋರಿಯಂ ಖನಿಜವಾದ ಮಾನೋಜೈಟ್ ಇರುವ ಮರಳಿನ ಕರಾವಳಿಗಳಲ್ಲಿ, ಅಂದರೆ ಕೇರಳದ ಚವರಾ ತೀರದಲ್ಲೋ ನಮ್ಮ ಉಳ್ಳಾಲದ ಕಡೆಯಲ್ಲೋ, ಈ ಎರಡನೆಯ ಭಾಗ ಒಳನಾಡಿಗಿಂತ ಹೆಚ್ಚಾಗಿದ್ದರೆ ಅಚ್ಚರಿಪಡಬೇಕಿಲ್ಲ. ನಾಲ್ಕು ದಿನ ಕಾದರೆ ಒಂಬತ್ತು ಅರ್ಧಾಯುಷ್ಯ ಕಳೆದು ಸೀಸ-212 ಐನೂರರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಆಗಲೂ ಹಾಳೆಯಲ್ಲಿ ಎಣಿಕೆ ಸ್ಪಷ್ಟವಾಗಿ ಉಳಿದಿದ್ದರೆ ಅದು ಗಮನಕ್ಕೆ ಅರ್ಹ. ಆದರೆ ಅದೂ 22 ವರ್ಷ ಅರ್ಧಾಯುಷ್ಯದ ಸೀಸ-210 ಮತ್ತು ಅದರ ಸಂತತಿಯಾದ ಬಿಸ್ಮತ್-210, ಪೊಲೋನಿಯಂ-210ರದೇ ಆಗಿರುವ ಸಾಧ್ಯತೆ ಹೆಚ್ಚು. ಗೈಗರ್ ಕೌಂಟರ್ ಇಷ್ಟರವರೆಗೆ ಕರೆದೊಯ್ಯುತ್ತದೆ, ಮುಂದಕ್ಕಲ್ಲ. ಅದಕ್ಕೆ ಶಕ್ತಿಯ ಗುರುತು ಗೊತ್ತಿಲ್ಲ.

ಮುಂಜಾವದಲ್ಲಿ ಸಂಗ್ರಹಿಸಿದ ಹಾಳೆ ಮಧ್ಯಾಹ್ನದ ಹಾಳೆಗಿಂತ ಹೆಚ್ಚು ಎಣಿಕೆ ತೋರಿಸುವುದನ್ನು ನೋಡಿ ಹಲವರು ಗೊಂದಲಕ್ಕೊಳಗಾಗುತ್ತಾರೆ. ರಾತ್ರಿ ನೆಲ ತಣ್ಣಗಾಗಿ, ತಂಪಾದ ಗಾಳಿ ಕೆಳಗೇ ನಿಂತು, ನೆಲದಿಂದ ಬಂದ ರೇಡಾನ್ ಮೇಲೆ ಹರಡಲಾಗದೆ ಸೇರಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಗಾಳಿ ಕಲಕಿ ಅದು ಚದುರುತ್ತದೆ. ಒಂದು ದಿನದ ಎಣಿಕೆಯನ್ನು ಇನ್ನೊಂದು ದಿನದ್ದಕ್ಕೆ ಹೋಲಿಸುವಾಗ ಸಂಗ್ರಹದ ಗಂಟೆಗಳು ಒಂದೇ ಆಗಿರಬೇಕೆನ್ನುವುದು ಇದಕ್ಕಾಗಿಯೇ.

ತುರ್ತು ಸಂದರ್ಭದಲ್ಲಿ ನಾಲ್ಕು ದಿನ ಕಾಯಲಾಗದು ಎಂಬುದು ನಿಜ. ಸಮಗ್ರ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದದ ಸಂಸ್ಥೆಗಾಗಿ ಯೋಜಿಸಿರುವ 80 ವಿಕಿರಣ ಮಾಪನ ಕೇಂದ್ರಗಳ ಜಾಲದಲ್ಲಿ ರೂಢಿಯಾಗಿರುವುದು 24 ಗಂಟೆ ಸಂಗ್ರಹ, ಸುಮಾರು 24 ಗಂಟೆ ಕಾಯುವಿಕೆ, 24 ಗಂಟೆ ಎಣಿಕೆ ಎಂಬ ಕ್ರಮ. ಅಯೋಡಿನ್-131 ಹುಡುಕುವವರೂ ಅದರ ಅರ್ಧಾಯುಷ್ಯ 8 ದಿನವಷ್ಟೇ ಆದ್ದರಿಂದ ಬೇಗನೆ ಎಣಿಸಬೇಕು. ನನ್ನ ಸಲಹೆಯೆಂದರೆ ಒಂದೇ ಹಾಳೆಯನ್ನು ಎರಡು ಬಾರಿ ಎಣಿಸುವುದು: ಒಂದು ದಿನದ ನಂತರ ಒಮ್ಮೆ, ಐದಾರು ದಿನದ ನಂತರ ಇನ್ನೊಮ್ಮೆ. ಎರಡು ಎಣಿಕೆಗಳ ನಡುವಿನ ವ್ಯತ್ಯಾಸ ಒಂದು ಎಣಿಕೆಯಿಂದ ಎಂದೂ ತಿಳಿಯದ ಸಂಗತಿಗಳನ್ನು ತಿಳಿಸುತ್ತದೆ.

ಗಾಮಾ ರೋಹಿತ

ಗಾಮಾ ಹೊರಸೂಸುವ ಪ್ರತಿ ಐಸೋಟೋಪೂ ತನ್ನದೇ ಶಕ್ತಿಯ ಕಿರಣಗಳನ್ನು ಹೊರಬಿಡುವುದರಿಂದ, ಆ ಶಕ್ತಿಯನ್ನು ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ, ಅಂದರೆ ಕೆಇವಿಯಲ್ಲಿ, ಅಳೆದು ಹೆಸರು ಹಿಡಿಯಬಹುದು. ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಎಂಬುದನ್ನು ತೋರಿಸುವ ನಕ್ಷೆಯೇ ರೋಹಿತ, ಅದರಲ್ಲಿ ಒಂದು ಶಕ್ತಿಯ ಬಳಿ ಎಣಿಕೆ ಗುಂಪಾಗಿ ಏಳುವ ಜಾಗವೇ ಶಿಖರ. ಇದಕ್ಕೆ ಎರಡು ಬಗೆಯ ಡಿಟೆಕ್ಟರುಗಳು ಬಳಕೆಯಲ್ಲಿವೆ. ಸೋಡಿಯಂ ಅಯೊಡೈಡ್ ಹರಳು ಅಗ್ಗ ಮತ್ತು ದಕ್ಷ, ಆದರೆ 662 ಕೆಇವಿಯಲ್ಲಿ ಅದರ ಶಿಖರ ಸುಮಾರು 45 ಕೆಇವಿಯಷ್ಟು ಅಗಲವಾಗಿರುತ್ತದೆ. ದ್ರವ ಸಾರಜನಕದಿಂದ ತಂಪಾಗಿಸಿದ ಶುದ್ಧ ಜರ್ಮೇನಿಯಂ ಡಿಟೆಕ್ಟರಿನ ಶಿಖರ 1332 ಕೆಇವಿಯಲ್ಲಿಯೂ ಸುಮಾರು 2 ಕೆಇವಿ ಮಾತ್ರ. ಅಲ್ಪ ಕುರುಹಿನ ಹುಡುಕಾಟದಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ. ಸೋಡಿಯಂ ಅಯೊಡೈಡಿನಿಂದ ಮಾಡಿದ ಗುರುತಿಸುವಿಕೆಯನ್ನು ಜರ್ಮೇನಿಯಂ ಡಿಟೆಕ್ಟರಿನಲ್ಲಿ ದೃಢಪಡಿಸಿಕೊಳ್ಳದೆ ಪ್ರಕಟಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣಶೀಲತೆಗೆಂದೇ ಉನ್ನತ ಸಂಶೋಧನಾ ಕೇಂದ್ರವೊಂದಿದೆ. ಇಂಥ ಕಡೆಗಳಲ್ಲಿ ಮಾದರಿಯ ಎಣಿಕೆಗಾಗಿ ವಿಚಾರಿಸುವುದು ಕಾಲೇಜುಗಳಿಗೆ ಸರಿಯಾದ ದಾರಿ.

ಎಣಿಕೆಗೆ ಮೊದಲು ಹಾಳೆಯನ್ನು ಪ್ರತಿ ಬಾರಿಯೂ ಒಂದೇ ಆಕಾರಕ್ಕೆ ತರಬೇಕು. ಹೈಡ್ರಾಲಿಕ್ ಪ್ರೆಸ್ ಇದ್ದರೆ 5 ಸೆಂಟಿಮೀಟರ್ ವ್ಯಾಸದ ಬಿಲ್ಲೆಯಾಗಿ ಒತ್ತಬಹುದು, ಇಲ್ಲದಿದ್ದರೆ ಒಂದೇ ಅಳತೆಗೆ ಮಡಚಿ ಚಪ್ಪಟೆ ಡಬ್ಬಿಯಲ್ಲಿಡಬಹುದು. ಬಿಲ್ಲೆ ಡಿಟೆಕ್ಟರಿನ ಮುಖಕ್ಕೆ ಅಂಟಿಕೊಂಡಂತೆ, ಪ್ರತಿ ಸಾರಿಯೂ ಅದೇ ಜಾಗದಲ್ಲಿರಬೇಕು. ಸುತ್ತಲೂ 10 ಸೆಂಟಿಮೀಟರ್ ದಪ್ಪದ ಸೀಸದ ಕವಚ, ಒಳಗೆ ತವರ ಮತ್ತು ತಾಮ್ರದ ತೆಳು ಹೊದಿಕೆ ಇರುವುದು ವಾಡಿಕೆ. ಕವಚದೊಳಗಿನ ಗಾಳಿಯಲ್ಲೂ ರೇಡಾನ್ ಇರುತ್ತದೆ ಎಂಬುದು ಮರೆತುಹೋಗುವ ವಿಷಯ. ತಂಪುಗೊಳಿಸುವ ಪಾತ್ರೆಯಿಂದ ಆವಿಯಾಗಿ ಹೊರಬರುವ ಸಾರಜನಕವನ್ನೇ ಕೊಳವೆಯಲ್ಲಿ ಒಳಗೆ ಹಾಯಿಸಿದರೆ ಆ ರೇಡಾನ್ ಹೊರಹೋಗುತ್ತದೆ.

ಶಕ್ತಿಯ ಅಳತೆಗೋಲನ್ನು ಸೀಸಿಯಂ-137, ಕೋಬಾಲ್ಟ್-60, ಯುರೋಪಿಯಂ-152ರ ಪ್ರಮಾಣಿತ ಮೂಲಗಳಿಂದ ಹೊಂದಿಸಬೇಕು. ಇಂಥ ಮೂಲಗಳನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಮಾತ್ರ ತರಿಸಿ ಇಟ್ಟುಕೊಳ್ಳಬೇಕು. ಮೂಲಗಳೇ ಇಲ್ಲದ ಕಡೆ, ಮೇಲುತುದಿಯ ಒಂದು ಗುರುತಿಗೆ ಪೊಟ್ಯಾಸಿಯಂ ಕ್ಲೋರೈಡ್ ಸಾಕು, ನಮ್ಮ ರೈತರು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೂ ಅದೇ ಲವಣ. ಶುದ್ಧ ಪೊಟ್ಯಾಸಿಯಂ ಕ್ಲೋರೈಡಿನ ಒಂದು ಗ್ರಾಮಿನಲ್ಲಿ ಸುಮಾರು 16 ಬೆಕೆರೆಲ್ ಪೊಟ್ಯಾಸಿಯಂ-40 ಇರುತ್ತದೆ, ಅದರ ಗಾಮಾ ಶಿಖರ 1461 ಕೆಇವಿಯಲ್ಲಿ ಕಾಣುತ್ತದೆ. ದಕ್ಷತೆಯ, ಅಂದರೆ ಹೊರಟ ಕಿರಣಗಳಲ್ಲಿ ಎಷ್ಟು ಪಾಲು ಶಿಖರದಲ್ಲಿ ಎಣಿಕೆಯಾಗುತ್ತದೆ ಎಂಬುದರ, ಅಳತೆ ಬೇರೆಯೇ ಕೆಲಸ: ತಿಳಿದ ಪ್ರಮಾಣದ ದ್ರಾವಣವನ್ನು ಖಾಲಿ ಹಾಳೆಯ ಮೇಲೆ ಸಮವಾಗಿ ಹನಿಸಿ, ಒಣಗಿಸಿ, ಮಾದರಿಯಂತೆಯೇ ಒತ್ತಿ ಎಣಿಸಬೇಕು. ಚುಕ್ಕೆಯಂಥ ಮೂಲವೊಂದರ ದಕ್ಷತೆಯನ್ನು ಹಾಳೆಗೆ ಹಚ್ಚಿದರೆ ಫಲಿತಾಂಶ ತಪ್ಪುತ್ತದೆ.

ಶಿಖರಗಳ ಗೊಂದಲ

ಸುಳ್ಳು ಸುದ್ದಿಗಳು ಹುಟ್ಟುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಯೋಡಿನ್-131ರ ಮುಖ್ಯ ಶಿಖರ 364.5 ಕೆಇವಿ. ರೇಡಾನ್ ಸಂತತಿಯ ಸೀಸ-214ರದು 351.9. ಜರ್ಮೇನಿಯಂನಲ್ಲಿ ಇವೆರಡೂ ಬೇರೆ ಬೇರೆಯಾಗಿ ನಿಲ್ಲುತ್ತವೆ, ಸೋಡಿಯಂ ಅಯೊಡೈಡಿನಲ್ಲಿ ಒಂದೇ ಗುಡ್ಡವಾಗುತ್ತವೆ. ಹೊಸದಾಗಿ ತೆಗೆದ ಹಾಳೆಯನ್ನು, ಅದರಲ್ಲೂ ಮಳೆ ಬಂದಾಗ ಒರೆಸಿ ತಂದ ನೀರನ್ನು, ಸೋಡಿಯಂ ಅಯೊಡೈಡಿನಲ್ಲಿ ನೋಡಿ 'ಅಯೋಡಿನ್ ಸಿಕ್ಕಿತು' ಎನ್ನುವ ತಪ್ಪಿಗೆ ಕಾರಣ ಇದೇ. ಪರಿಹಾರ ಸರಳವಾಗಿದೆ: ಸೀಸ-214 ಇದ್ದಲ್ಲಿ 295 ಕೆಇವಿಯಲ್ಲಿಯೂ, ಜೊತೆಗಾರ ಬಿಸ್ಮತ್-214ರಿಂದ 609 ಕೆಇವಿಯಲ್ಲಿಯೂ ಶಿಖರ ಇರಲೇಬೇಕು, ಹಾಗೂ ಆರು ಗಂಟೆಯಲ್ಲಿ ಎಲ್ಲವೂ ಮಾಯವಾಗಬೇಕು. ಅಯೋಡಿನ್ ಆದರೆ ಆರು ಗಂಟೆಯಲ್ಲಿ ನೂರರಲ್ಲಿ ಎರಡರಷ್ಟು ಮಾತ್ರ ಕಡಿಮೆಯಾಗುತ್ತದೆ.

ಸೀಸಿಯಂ-134ರ 604.7 ಕೆಇವಿಯ ಪಕ್ಕದಲ್ಲೇ ಬಿಸ್ಮತ್-214ರ 609.3 ಇದೆ. ಸೀಸಿಯಂ-134ರ ಎರಡನೆಯ ಶಿಖರ 795.9ರಲ್ಲಿದೆ ಎಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಥೋರಿಯಂ ಸರಣಿಯ ಆಕ್ಟಿನಿಯಂ-228 ಬಹುತೇಕ ಅದೇ ಜಾಗದಲ್ಲಿ, 794.9ರಲ್ಲಿ, ಸಣ್ಣ ಶಿಖರವನ್ನು ತೋರುತ್ತದೆ. ಇಲ್ಲಿ ಜರ್ಮೇನಿಯಂ ಕೂಡ ಬೇರ್ಪಡಿಸಲಾರದು. ಆಕ್ಟಿನಿಯಂನ ದೊಡ್ಡ ಶಿಖರವಾದ 911 ಕೆಇವಿಯನ್ನು ಅಳೆದು, ಅದರಿಂದ 795ರ ಪಾಲನ್ನು ಲೆಕ್ಕ ಹಾಕಿ ಕಳೆಯಬೇಕು. ಸೀಸಿಯಂ-137ರ 661.7 ಕೆಇವಿಯ ಹತ್ತಿರ ಬಿಸ್ಮತ್-214 665.4ರಲ್ಲಿ ದುರ್ಬಲ ಶಿಖರವನ್ನೂ, ಹೊಸ ಅಪಘಾತದ ಧೂಳಿನಲ್ಲಿ ಅಯೋಡಿನ್-132 667.7ರಲ್ಲಿ ಬಲವಾದ ಶಿಖರವನ್ನೂ ಇಡುತ್ತವೆ. ಸಿಯಾಟಲ್‌ನ ಮಾದರಿಯಲ್ಲಿ ಸೀಸಿಯಂ-137 ಮತ್ತು ಅಯೋಡಿನ್-132 ಒಟ್ಟಿಗೇ ಇದ್ದವೆಂಬುದನ್ನು ನೆನೆದರೆ, ಜರ್ಮೇನಿಯಂ ಡಿಟೆಕ್ಟರ್ ಅಲ್ಲಿ ಎಷ್ಟು ಅಗತ್ಯವಾಗಿತ್ತು ಎಂಬುದು ಅರಿವಾಗುತ್ತದೆ.

ರುಥೇನಿಯಂ-106 ತಾನಾಗಿ ಗಾಮಾ ಹೊರಸೂಸುವುದಿಲ್ಲ. ಅದರಿಂದ ಹುಟ್ಟುವ ರೋಡಿಯಂ-106 ಮೂಲಕ 511.9 ಮತ್ತು 621.9 ಕೆಇವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಬಲವಾಗಿದ್ದರೂ, ಪಾಸಿಟ್ರಾನ್ ನಾಶದ 511 ಕೆಇವಿಯ ಶಿಖರ ಪ್ರತಿ ಡಿಟೆಕ್ಟರಿನ ಹಿನ್ನೆಲೆಯಲ್ಲೂ ಇರುವುದರಿಂದ ಅದನ್ನು ನಂಬಲಾಗದು. 621.9ನ್ನೇ ಆಧಾರವಾಗಿ ತೆಗೆದುಕೊಳ್ಳಬೇಕು.

ಒಟ್ಟಿನಲ್ಲಿ ನಿಯಮ ಹೀಗಿರಲಿ: ಒಂದು ಐಸೋಟೋಪಿನ ಹೆಸರು ಹೇಳಬೇಕಾದರೆ ಶಕ್ತಿ ಹೊಂದಬೇಕು, ಅದಕ್ಕೆ ಒಂದಕ್ಕಿಂತ ಹೆಚ್ಚು ಬಲವಾದ ಶಿಖರಗಳಿದ್ದರೆ ಅವುಗಳ ಪರಸ್ಪರ ಪ್ರಮಾಣ ಹೊಂದಬೇಕು, ಮರು ಎಣಿಕೆಯಲ್ಲಿ ಅರ್ಧಾಯುಷ್ಯವೂ ಹೊಂದಬೇಕು. ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷವಾದ್ದರಿಂದ ಅಲ್ಲಿ ಮೂರನೆಯ ಪರೀಕ್ಷೆಯೆಂದರೆ ಎಣಿಕೆ ಇಳಿಯದೇ ಇರುವುದು.

ಹಾಳೆಯಲ್ಲಿ ಖಂಡಿತ ಕಾಣಲೇಬೇಕಾದ ಶಿಖರವೂ ಒಂದಿದೆ. ಕಾಸ್ಮಿಕ್ ಕಿರಣಗಳು ಮೇಲಿನ ವಾತಾವರಣದ ಸಾರಜನಕ, ಆಮ್ಲಜನಕಗಳನ್ನು ಒಡೆದಾಗ ಹುಟ್ಟುವ ಬೆರಿಲಿಯಂ-7, 53 ದಿನದ ಅರ್ಧಾಯುಷ್ಯದೊಂದಿಗೆ, 477.6 ಕೆಇವಿಯಲ್ಲಿ ನಿಲ್ಲುತ್ತದೆ. ನೆಲಮಟ್ಟದ ಗಾಳಿಯಲ್ಲಿ ಇದು ಸಾಮಾನ್ಯವಾಗಿ ಘನಮೀಟರಿಗೆ ಕೆಲವು ಮಿಲಿಬೆಕೆರೆಲ್ ಇರುತ್ತದೆ. ಮಳೆ ಅದನ್ನು ತೊಳೆದಿಳಿಸುವುದರಿಂದ ಮಳೆಗಾಲದಲ್ಲಿ ಕಡಿಮೆ. ಒಣ ಹವೆಯ ದಿನದ ಹಾಳೆಯಲ್ಲಿ ಬೆರಿಲಿಯಂ-7 ಕಾಣದಿದ್ದರೆ ಗಾಳಿ ಹೀರುವ ಯಂತ್ರದಲ್ಲೋ ಎಣಿಕೆಯಲ್ಲೋ ದೋಷವಿದೆಯೆಂದು ತಿಳಿದು ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಸರಿಪಡಿಸಬೇಕು.

ಲೆಕ್ಕ, ಮತ್ತು ಸಿಗದಿದ್ದಾಗಿನ ಲೆಕ್ಕ

ಶಿಖರದ ನಿವ್ವಳ ಎಣಿಕೆಯನ್ನು ಎಣಿಕೆಯ ಸೆಕೆಂಡುಗಳು, ಡಿಟೆಕ್ಟರಿನ ದಕ್ಷತೆ ಮತ್ತು ಗಾಮಾ ಕಿರಣದ ಪ್ರಮಾಣ (ಎಷ್ಟು ಪಾಲು ಕ್ಷಯಗಳಲ್ಲಿ ಆ ಕಿರಣ ಹೊರಡುತ್ತದೆ ಎಂಬುದು) ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಹಾಳೆಯ ಮೇಲಿನ ಬೆಕೆರೆಲ್ ಸಿಗುತ್ತದೆ. ಅದನ್ನು ಗಾಳಿಯ ಘನಮೀಟರಿನಿಂದ ಭಾಗಿಸಿ, ಸಂಗ್ರಹದ ಮಧ್ಯಬಿಂದುವಿಗೆ ಕ್ಷಯದ ತಿದ್ದುಪಡಿ ಮಾಡಬೇಕು. ಮಾದರಿ ಲೆಕ್ಕವೊಂದನ್ನು ನೋಡೋಣ. 80,000 ಸೆಕೆಂಡಿನಲ್ಲಿ ಬೆರಿಲಿಯಂ-7ರ ನಿವ್ವಳ ಎಣಿಕೆ 1900, ದಕ್ಷತೆ 0.04, ಗಾಮಾ ಪ್ರಮಾಣ 0.104 ಎಂದಿರಲಿ. ಮೂರರ ಗುಣಲಬ್ಧ 332.8, 1900ನ್ನು ಅದರಿಂದ ಭಾಗಿಸಿದರೆ 5.7 ಬೆಕೆರೆಲ್. 1440 ಘನಮೀಟರಿಗೆ ಹಂಚಿದರೆ ಘನಮೀಟರಿಗೆ 3.96 ಮಿಲಿಬೆಕೆರೆಲ್. ಸಂಗ್ರಹದ ಮಧ್ಯದಿಂದ ಎಣಿಕೆಯ ಮಧ್ಯದವರೆಗೆ ಐದು ದಿನ ಕಳೆದಿದ್ದರೆ ತಿದ್ದುಪಡಿಯ ನಂತರ ಅದು ಸುಮಾರು 4.2 ಆಗುತ್ತದೆ. ಬೆರಿಲಿಯಂಗೆ ಈ ತಿದ್ದುಪಡಿ ಚಿಕ್ಕದು, ಆದರೆ ಅಯೋಡಿನ್-131ಕ್ಕೆ ಅದೇ ಐದು ದಿನದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕ್ಷಯಿಸಿರುತ್ತದೆ.

ಈಗ ಸೀಸಿಯಂ-137 ಕಾಣಲಿಲ್ಲ ಎಂದುಕೊಳ್ಳೋಣ. ವರದಿಯಲ್ಲಿ 'ಇಲ್ಲ' ಎಂದು ಬರೆದು ಮುಗಿಸಿದರೆ ಓದುವವರಿಗೆ ಏನೂ ತಿಳಿಯದು. ಅಮೆರಿಕದ ರಸಾಯನವಿಜ್ಞಾನಿ ಲಾಯ್ಡ್ ಕರಿ 1968ರಲ್ಲಿ ಕೊಟ್ಟ ಸೂತ್ರದಂತೆ, 661.7 ಕೆಇವಿಯ ಜಾಗದಲ್ಲಿ ಹಿನ್ನೆಲೆಯ ಎಣಿಕೆ ಎಷ್ಟಿದೆಯೋ ಅದರ ವರ್ಗಮೂಲವನ್ನು 4.65ರಿಂದ ಗುಣಿಸಿ 2.71 ಕೂಡಿಸಿದರೆ, ವಿಶ್ವಾಸದಿಂದ ಪತ್ತೆಹಚ್ಚಬಹುದಾದ ಕನಿಷ್ಠ ಎಣಿಕೆ ದೊರೆಯುತ್ತದೆ. ಹಿನ್ನೆಲೆ 100 ಇದ್ದರೆ ಇದು ಸುಮಾರು 49. ದಕ್ಷತೆ 0.035, ಗಾಮಾ ಪ್ರಮಾಣ 0.851, ಅದೇ 80,000 ಸೆಕೆಂಡು ಮತ್ತು 1440 ಘನಮೀಟರ್ ಇಟ್ಟು ಲೆಕ್ಕ ಹಾಕಿದರೆ ಮಿತಿ ಘನಮೀಟರಿಗೆ ಸುಮಾರು 14 ಮೈಕ್ರೊಬೆಕೆರೆಲ್. ಯುರೋಪಿನ ಗಾಳಿಯಲ್ಲಿ ಇಂದಿಗೂ ಹಳೆಯ ಮಣ್ಣಿನಿಂದ ಮೇಲೆದ್ದ ಸೀಸಿಯಂ-137 ಘನಮೀಟರಿಗೆ ಒಂದು ಮೈಕ್ರೊಬೆಕೆರೆಲ್ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಮಟ್ಟದಲ್ಲಿ ಇದೆ. ಅಲ್ಲಿನ ಪ್ರಯೋಗಾಲಯಗಳು ಗಂಟೆಗೆ ನೂರಾರು ಘನಮೀಟರ್ ಹೀರುವ ಯಂತ್ರಗಳನ್ನು ವಾರಗಟ್ಟಲೆ ನಡೆಸಿ ಅದನ್ನು ಅಳೆಯುತ್ತವೆ. ಮೇಲಿನ ಲೆಕ್ಕದ ಒಂದು ದಿನದ ಹಾಳೆಗೆ ಅದು ಕಾಣುವುದೇ ಇಲ್ಲ. ಆದ್ದರಿಂದ 'ಸೀಸಿಯಂ-137 ಪತ್ತೆಯಾಗಲಿಲ್ಲ. ಮಿತಿ ಘನಮೀಟರಿಗೆ 14 ಮೈಕ್ರೊಬೆಕೆರೆಲ್' ಎಂದು ಬರೆದ ವಾಕ್ಯ ಮಾತ್ರ ಸತ್ಯವಾದದ್ದು. ಮಿತಿಯನ್ನು ಇಳಿಸಬೇಕಾದರೆ ವಾರದ ಹಾಳೆಗಳನ್ನೆಲ್ಲ ಒಟ್ಟಿಗೆ ಒತ್ತಿ ಒಂದೇ ಮಾದರಿಯಾಗಿ ಎಣಿಸಬಹುದು.

ಸ್ಟ್ರಾನ್ಷಿಯಂ-90 ಮತ್ತು ಪ್ಲುಟೋನಿಯಂ ಈ ವಿಧಾನಕ್ಕೆ ನಿಲುಕುವುದಿಲ್ಲ. ಅವುಗಳಿಗೆ ಹಾಳೆಯನ್ನು ಆಮ್ಲದಲ್ಲಿ ಕರಗಿಸಿ ರಾಸಾಯನಿಕವಾಗಿ ಬೇರ್ಪಡಿಸಬೇಕು. ಅದು ಪರಿಣತ ಪ್ರಯೋಗಾಲಯದ ಕೆಲಸ.

ಸಿಕ್ಕಿದ್ದನ್ನು ಅರ್ಥೈಸುವುದು

ಒಂದು ಐಸೋಟೋಪಿಗಿಂತ ಐಸೋಟೋಪುಗಳ ಗುಂಪು ಹೆಚ್ಚು ತಿಳಿಸುತ್ತದೆ. ಸೀಸಿಯಂ-134ರ ಅರ್ಧಾಯುಷ್ಯ ಸುಮಾರು 2 ವರ್ಷ. ಫುಕುಶಿಮಾದ ಧೂಳಿನಲ್ಲಿ ಅದು ಮತ್ತು ಸೀಸಿಯಂ-137 ಸರಿಸುಮಾರು ಸಮನಾಗಿದ್ದವು, 1986ರ ಚೆರ್ನೋಬಿಲ್‌ನಲ್ಲಿ ಸೀಸಿಯಂ-134 ಸೀಸಿಯಂ-137ರ ಅರ್ಧದಷ್ಟಿತ್ತು. ಇಂದು ಸೀಸಿಯಂ-137 ಮಾತ್ರ ಸಿಕ್ಕಿ 134 ಇಲ್ಲವಾದರೆ, ಅದು ಹಳೆಯ ಶೇಷ ಧೂಳಾಗಿ ಅಥವಾ ಹೊಗೆಯಾಗಿ ಎದ್ದಿರಬಹುದೆಂದು ಮೊದಲು ಯೋಚಿಸಬೇಕು. 2020ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ನಿಷೇಧಿತ ವಲಯದ ಕಾಡಿಗೆ ಬೆಂಕಿ ಬಿದ್ದಾಗ ಸೀಸಿಯಂ-137 ಹಾಗೆಯೇ ಗಾಳಿಗೆ ಮರಳಿತು. ಟೆಲ್ಯುರಿಯಂ-132, ಅಯೋಡಿನ್-131ರಂಥ ಅಲ್ಪಾಯುಷಿಗಳು ಜೊತೆಗಿದ್ದರೆ ಇತ್ತೀಚೆಗಷ್ಟೇ ನಡೆಯುತ್ತಿದ್ದ ರಿಯಾಕ್ಟರ್ ಮೂಲವಾಗಿರುವ ಸಂಭವ ಹೆಚ್ಚು. ಅಯೋಡಿನ್-131 ಒಂಟಿಯಾಗಿ ಸಿಕ್ಕರೆ ಥೈರಾಯ್ಡ್ ಚಿಕಿತ್ಸೆಗೆ ಅದನ್ನು ಬಳಸುವ ಆಸ್ಪತ್ರೆಗಳನ್ನೂ, ಔಷಧ ತಯಾರಿಕಾ ಕೇಂದ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2017ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಯುರೋಪಿನ ಬಹುಪಾಲು ದೇಶಗಳ ಫಿಲ್ಟರುಗಳಲ್ಲಿ ರುಥೇನಿಯಂ-106 ಕಾಣಿಸಿತು. ಸೀಸಿಯಂ ಇರಲಿಲ್ಲ, ಅಯೋಡಿನ್ ಇರಲಿಲ್ಲ. ಕೆಲವೆಡೆ ರುಥೇನಿಯಂ-103ರ ಅತ್ಯಲ್ಪ ಕುರುಹಿತ್ತು. ರಿಯಾಕ್ಟರ್ ಅಪಘಾತವಾಗಿದ್ದರೆ ಒಂದೇ ಧಾತು ಹೊರಬರಲಾರದು ಎಂಬ ತರ್ಕದಿಂದ ವಿಜ್ಞಾನಿಗಳು ಬಳಸಿದ ಇಂಧನದ ಮರುಸಂಸ್ಕರಣೆಯ ಕಡೆ ನೋಡಿದರು. ಗಾಳಿಯ ಚಲನೆಯ ಲೆಕ್ಕಾಚಾರಗಳು ರಷ್ಯಾದ ದಕ್ಷಿಣ ಉರಲ್ ಪ್ರದೇಶವನ್ನು ತೋರಿದವು. ರಷ್ಯಾ ಅದನ್ನು ಒಪ್ಪಲಿಲ್ಲ. ಯಾರೂ ಘೋಷಿಸದ ಘಟನೆಯೊಂದು ಜಗತ್ತಿಗೆ ಗೊತ್ತಾದದ್ದು ಹಲವು ಊರುಗಳಲ್ಲಿ ಜನ ನಿಯಮಿತವಾಗಿ ಹಾಳೆ ಬದಲಾಯಿಸಿ, ಎಣಿಸಿ, ಬರೆದಿಟ್ಟುಕೊಂಡಿದ್ದರಿಂದ. ಈ ಕೆಲಸದ ಬೆಲೆ ನನಗೆ ಮನವರಿಕೆಯಾಗುವುದು ಇಂಥ ಸಂದರ್ಭಗಳಲ್ಲಿ.

ಪತ್ತೆಯಾಯಿತು ಎಂಬುದನ್ನೂ ಅಪಾಯವಿದೆ ಎಂಬುದನ್ನೂ ಬೇರೆಯಾಗಿ ನೋಡಬೇಕು. ಸಿಯಾಟಲ್‌ನ ಆ ಅತಿ ಹೆಚ್ಚಿನ ಕಣರೂಪದ ಮೌಲ್ಯದ ಗಾಳಿಯನ್ನು ವಯಸ್ಕರೊಬ್ಬರು ಇಡೀ ದಿನ ಉಸಿರಾಡಿದ್ದರೆ, ಸುಮಾರು 22 ಘನಮೀಟರ್ ಗಾಳಿಯೊಂದಿಗೆ 0.1 ಬೆಕೆರೆಲ್‌ನಷ್ಟು ಅಯೋಡಿನ್ ದೇಹ ಸೇರುತ್ತಿತ್ತು. ಅದರಿಂದ ದೇಹಕ್ಕಾಗುವ ವಿಕಿರಣ ಪ್ರಮಾಣ (ಇದರ ಮಾನ ಸೀವರ್ಟ್) ಒಂದು ನ್ಯಾನೊಸೀವರ್ಟ್‌ಗಿಂತ ಕಡಿಮೆ. ನಿಸರ್ಗದಿಂದ ನಮಗೆಲ್ಲ ದಿನವೂ ಬರುವ ಸರಾಸರಿ ಪ್ರಮಾಣದ ಹತ್ತು ಸಾವಿರದಲ್ಲಿ ಒಂದು ಪಾಲು ಅದು. ವರದಿಯಲ್ಲಿ ಅಳೆದ ಸಂಖ್ಯೆಯ ಪಕ್ಕದಲ್ಲಿ ಈ ಹೋಲಿಕೆಯ ಲೆಕ್ಕವನ್ನೂ ಬರೆಯುವುದು ಅಳೆದವರ ಹೊಣೆ.

ನಿಜವಾಗಿಯೂ ಮಾನವಜನ್ಯ ಐಸೋಟೋಪೊಂದು ಮೂರೂ ಪರೀಕ್ಷೆಗಳನ್ನು ದಾಟಿದರೆ, ಮೊದಲು ಖಾಲಿ ಹಾಳೆಯನ್ನೂ ಡಿಟೆಕ್ಟರಿನ ಹಿನ್ನೆಲೆಯನ್ನೂ ಮತ್ತೊಮ್ಮೆ ಎಣಿಸಿ ಪ್ರಯೋಗಾಲಯದೊಳಗಿನ ಮಾಲಿನ್ಯವಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಇನ್ನೊಂದು ಪ್ರಯೋಗಾಲಯದಲ್ಲಿ ಅದೇ ಹಾಳೆಯನ್ನು ಎಣಿಸಿಸಬೇಕು, ಜೊತೆಯಲ್ಲೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ತಿಳಿಸುವಾಗ ಮೌಲ್ಯ, ಅನಿಶ್ಚಿತತೆ, ಪತ್ತೆಯ ಮಿತಿ, ಸಂಗ್ರಹ ಮತ್ತು ಎಣಿಕೆಯ ಸಮಯಗಳ ಜೊತೆಗೆ ಪೂರ್ತಿ ರೋಹಿತದ ಕಡತವನ್ನೂ ಕೊಡಬೇಕು, ಬರಿಯ ಶಿಖರಪಟ್ಟಿಯಿಂದ ಇತರರು ಪರಿಶೀಲಿಸಲಾಗದು. ಎಣಿಸಿ ಮುಗಿದ ಹಾಳೆಗಳನ್ನು, ಏನೂ ಸಿಗದವುಗಳನ್ನೂ ಸೇರಿಸಿ, ಚೀಲದ ಮೇಲಿನ ಬರಹ ಅಳಿಸದಂತೆ ಒಣ ಜಾಗದಲ್ಲಿ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ರುಥೇನಿಯಂ-106ರ ಅರ್ಧಾಯುಷ್ಯ ಸುಮಾರು 372 ದಿನವಾದ್ದರಿಂದ, ಬೇರೆಲ್ಲೋ ಅದು ಕಂಡಿತೆಂಬ ಸುದ್ದಿ ತಿಂಗಳುಗಳ ನಂತರ ಬಂದರೂ ಹಳೆಯ ಹಾಳೆಯನ್ನು ಹೊರತೆಗೆದು, 621.9 ಕೆಇವಿಯಲ್ಲಿ ಇನ್ನಷ್ಟು ದೀರ್ಘ ಹೊತ್ತು ಎಣಿಸಿ ನೋಡಬಹುದು.